ಸುಟ್ಟ ರೀಲು ಓಡಿದ ಮಧ್ಯಾಹ್ನ

ದೆವ್ವ, ಪವಾಡ ಎಂದವರ ಮುಖಕ್ಕೇ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಾಲ್ಕು ವರ್ಷದ ಹಿಂದೆ ದೇವನಹಳ್ಳಿಯಲ್ಲಿ ಕಂಡದ್ದನ್ನು ಹೇಳದೆ ಇರಲೂ ಆಗುತ್ತಿಲ್ಲ.

ಯಾರಿಗೂ ನೆನಪಿಲ್ಲದ ಹಳೆಯ ಚಿತ್ರಗಳ ರೀಲು ಹುಡುಕುವುದು ನನ್ನ ಹುಚ್ಚು. ಗೆಳೆಯ ಮುನಿರಾಜುವಿಗೂ ಅದೇ ಹುಚ್ಚು. ಎಲ್ಲೂ ಉಳಿದಿಲ್ಲವೆಂದು ಎಲ್ಲರೂ ಕೈಬಿಟ್ಟಿದ್ದ ಒಂದು ಕಪ್ಪು-ಬಿಳುಪು ಚಿತ್ರ, ತೀರಿಹೋದ ಟೆಂಟ್ ಸಿನಿಮಾ ಆಪರೇಟರೊಬ್ಬರ ಮನೆಯಲ್ಲಿ, ಆವತಿ ಹಳ್ಳಿಯಲ್ಲಿದೆ ಎಂದು ಎರಡು ವರ್ಷ ಅಲೆದು ಪತ್ತೆ ಹಚ್ಚಿದೆ. ಬಾಯಿ ಸುಮ್ಮನಿರದೆ ಅವನಿಗೆ ಹೇಳಿದೆ. ಮರುದಿನವೇ ಅವನು ನನ್ನ ಹೆಸರು ಹೇಳಿಕೊಂಡು ಹೋಗಿ ಮೂರು ರೀಲು ಹೊತ್ತು ತಂದ. ನನ್ನ ಹೊಟ್ಟೆ ಉರಿದುಹೋಯಿತು.

ಅವಸರದಲ್ಲಿ ಅವನೊಂದು ತಪ್ಪು ಮಾಡಿದ್ದ, ಇನ್ನೊಂದು ರೀಲು ಇದೆಯೇ ಎಂದು ಕೇಳಿರಲಿಲ್ಲ. ಚಿತ್ರದ ಪ್ರಿಂಟನ್ನು ಯಾರೂ ಎಗರಿಸದಿರಲಿ ಎಂದು ಟೆಂಟಿನ ಕೆಲವು ಆಪರೇಟರುಗಳು ಕೊನೆಯ ರೀಲನ್ನು ಬೇರೆ ಬಚ್ಚಿಡುತ್ತಿದ್ದರು. ನಾನು ಹೋಗಿ ಕೇಳಿದಾಗ ಆಪರೇಟರ ಹೆಂಡತಿ ಅಟ್ಟದಿಂದ ನಾಲ್ಕನೆಯ ಡಬ್ಬ ಇಳಿಸಿಕೊಟ್ಟರು.

“ಪೂರ್ತಿ ತೋರ್ಸಪ್ಪ. ನಮ್ಮೆಜಮಾನ್ರು ಯಾವತ್ತೂ ಅರ್ಧಕ್ಕೆ ನಿಲ್ಸಿದೋರಲ್ಲ,” ಅಂದರು.

ತಲೆಯಾಡಿಸಿ ಬಂದೆ. ಮುನಿರಾಜು ದೇವನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಚಿತ್ರ ತೋರಿಸುತ್ತಾನೆಂಬ ಸುದ್ದಿ ಬಂದ ದಿನವೇ ಹಿತ್ತಲಲ್ಲಿ ಆ ರೀಲಿಗೆ ಬೆಂಕಿ ಇಟ್ಟೆ. ಕರಗಿ ಕರಿ ಮುದ್ದೆಯಾಗುವವರೆಗೂ ನಿಂತು ನೋಡಿದೆ. ಆಗ ಪಶ್ಚಾತ್ತಾಪವೇನೂ ಆಗಲಿಲ್ಲ, ಖುಷಿಯೇ ಆಯಿತು.

ಹಳೆಯ ಪ್ರಿಂಟು ಹರಿದೀತೆಂಬ ಭಯಕ್ಕೆ ಮುನಿರಾಜು ಅದನ್ನು ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ಅವನ ಮಾನ ಹೋಗುವುದನ್ನು ಕಣ್ತುಂಬ ನೋಡಲು ನಾನು ಮೊದಲ ಸಾಲಿನಲ್ಲೇ ಕುಳಿತೆ. ಮಧ್ಯಾಹ್ನದ ಪ್ರದರ್ಶನ, ಮಂಟಪ ತುಂಬಿತ್ತು. ಮೂರನೆಯ ರೀಲು ಕಥೆಯ ನಡುವೆಯೇ ಮುಗಿದು ತೆರೆ ಬೆಳ್ಳಗಾಯಿತು. ಮುನಿರಾಜು ಪ್ರೊಜೆಕ್ಟರ್ ಬಿಟ್ಟು ಬೆವರುತ್ತ ಮೈಕಿನ ಬಳಿ ಓಡಿಬಂದ. ಅವನು ಬಾಯಿ ತೆರೆಯುವಷ್ಟರಲ್ಲಿ ತೆರೆಯ ಮೇಲೆ ಮತ್ತೆ ಚಿತ್ರ ಮೂಡಿತು.

ಅರ್ಧ ಗಂಟೆಗೂ ಹೆಚ್ಚು ಓಡಿ ಕಥೆ ಮುಗಿಯಿತು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನಾನು ಎದ್ದು ಹೋಗಿ ಪ್ರೊಜೆಕ್ಟರ್ ನೋಡಿದೆ. ಬಳಿ ಯಾರೂ ಇರಲಿಲ್ಲ. ಅದರ ಮೇಲಿದ್ದದ್ದು ಮೂರನೆಯ ರೀಲು ಮಾತ್ರ.

ಮುನಿರಾಜು ಬಂದು ಎಲ್ಲರೆದುರೇ ನನ್ನ ಎರಡೂ ಕೈ ಹಿಡಿದುಕೊಂಡ. “ನಾನು ನಿಂಗೆ ಮೋಸ ಮಾಡ್ದೆ ಕಣೋ. ಆದ್ರೂ ಕೊನೇ ರೀಲ್ ತಂದು ಹಾಕ್ಸಿ ನನ್ ಮಾನ ಉಳಿಸ್ದೆ,” ಎಂದು ಅತ್ತ.

ಹೌದೆಂಬಂತೆ ತಲೆಯಾಡಿಸಿದೆ. ಅಂದು ಓಡಿದ್ದು ಏನು, ಓಡಿಸಿದ್ದು ಯಾರು, ನನಗೆ ಇವತ್ತಿಗೂ ತಿಳಿಯದು. ಪ್ರಿಂಟನ್ನು ಪೂರ್ತಿ ಮಾಡಿ ಉಳಿಸೋಣ, ಆ ರೀಲು ಕೊಡು ಎಂದು ಮುನಿರಾಜು ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. ಹುಡುಕುತ್ತಿದ್ದೇನೆ ಎನ್ನುತ್ತೇನೆ.