ಕೊಲೆಗಾರ ಯಾರೆಂದು ಗ್ಲೆನಿಸ್ ಹೇಳುವುದಿಲ್ಲ

ಕಥೆಯ ಕೊನೆಯನ್ನು ಯಾರ ಮುಂದೆಯೂ ಬಾಯಿಬಿಡುವುದಿಲ್ಲ ಎಂದು ಗ್ಲೆನಿಸ್ ಟ್ರೆಲೋರ್ ಮಾತು ಕೊಟ್ಟು ಇಪ್ಪತ್ತಾರು ವರ್ಷವಾಯಿತು. ಮಾತು ತೆಗೆದುಕೊಂಡವರು ಐವರ್ ಟೊಂಕಿನ್. ಐರ್ ಪರ್ಯಾಯ ದ್ವೀಪದ ಗೋಧಿ ಊರುಗಳಿಗೆ ಪುಸ್ತಕದ ಲಾರಿ, ಅಂದರೆ ಸಂಚಾರಿ ಗ್ರಂಥಾಲಯ, ಓಡಿಸುತ್ತಿದ್ದ ಐವರ್, ನಿವೃತ್ತಿಯ ದಿನ ಕೀಲಿಕೈಯನ್ನು ಗ್ಲೆನಿಸ್ ಕೈಗಿಟ್ಟರೂ ಬೆರಳು ಸಡಿಲ ಬಿಡಲಿಲ್ಲ. "ಟೈರ್ ಸಿಡಿದ್ರೆ ಸಿಡೀಲಿ, ದಾರಿ ತಪ್ಪಿದ್ರೆ ತಪ್ಪಲಿ. ಕೊನೆ ಮಾತ್ರ ಹೇಳ್ಬೇಡ ಹುಡುಗೀ. ಆಣೆ ಮಾಡು, ಆಮೇಲೆ ಬಿಡ್ತೀನಿ." ಗ್ಲೆನಿಸ್ ನಗುತ್ತಲೇ ಆಣೆ ಮಾಡಿದರು. ಐವರ್ ನಗಲಿಲ್ಲ.

ಆಗಸ್ಟಿನ ಬೆಳಗು; ದಕ್ಷಿಣಾರ್ಧಗೋಳದಲ್ಲಿ ಇದು ಚಳಿಗಾಲ. ಗೋಧಿ ಕಣಜದ ಕಾಂಕ್ರೀಟ್ ಗೋಪುರಗಳ ಹಿಂದೆ ಬಾನು ಈಗಷ್ಟೇ ಬೂದುಬಣ್ಣಕ್ಕೆ ತಿರುಗುತ್ತಿದೆ. ಲಾರಿಯ ಗಾಜಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿದೆ. ಗ್ಲೆನಿಸ್ ಹಳೆಯ ಸದಸ್ಯತ್ವದ ಕಾರ್ಡೊಂದರಿಂದ ಅದನ್ನು ಕೆರೆಯುತ್ತಿದ್ದಾರೆ. ಕಪಾಟಿಗೆ ಅಡ್ಡವಾಗಿ ರಬ್ಬರ್ ಪಟ್ಟಿ ಬಿಗಿಯುತ್ತಾರೆ, ಇಲ್ಲವಾದರೆ ಮೊದಲ ತಿರುವಿಗೇ ಕೊಲೆಗಳೆಲ್ಲ ಅಡುಗೆ ಪುಸ್ತಕಗಳ ಮೇಲೆ ಬೀಳುತ್ತವೆ. ಫ್ಲಾಸ್ಕಿನಲ್ಲಿ ಚಹಾ, ಕಾಗದದಲ್ಲಿ ಸುತ್ತಿದ, ವೆಜಿಮೈಟ್ ಎಂಬ ಉಪ್ಪುಪ್ಪು ಕಪ್ಪು ಲೇಹ ಸವರಿದ ಟೋಸ್ಟ್. ವಯಸ್ಸು ಅರವತ್ತೊಂದು. ಬಲ ಮೊಣಕಾಲು ಮೆಟ್ಟಿಲು ಹತ್ತುವಾಗ ಗೊಣಗುತ್ತದೆ. "ಲಾರಿಗೂ ನನಗೂ ಒಟ್ಟಿಗೇ ಸರ್ವಿಸ್ ಮಾಡಿಸ್ಬೇಕು" ಎನ್ನುತ್ತ ಹತ್ತುತ್ತಾರೆ.

ಚಾಲಕರ ಆಸನದ ಬೆನ್ನಿಗೇ ಅಂಟಿಕೊಂಡ ಕಪಾಟಿನಲ್ಲಿ ಥ್ರಿಲ್ಲರ್, ಪತ್ತೇದಾರಿ, ವೈಜ್ಞಾನಿಕ ಕಾದಂಬರಿಗಳಿವೆ. ಹದಿನೈದು ದಿನಕ್ಕೊಂದು ಸುತ್ತು, ಹದಿನಾಲ್ಕು ನಿಲ್ದಾಣ. ಆ ಕಪಾಟಿಗೆ ಹೊಸದಾಗಿ ಬಂದ ಪ್ರತಿಯೊಂದನ್ನೂ ಗ್ಲೆನಿಸ್ ಓದಿಯೇ ಕೊಡುತ್ತಾರೆ. ಯಾರೂ ಹಾಗೆ ಮಾಡಲು ಹೇಳಿಲ್ಲ, ಸಂಬಳವೂ ಇಲ್ಲ. ಮಗಳು ಚಿಕ್ಕವಳಿದ್ದಾಗ ನೆಟ್‌ಬಾಲ್ ಮೈದಾನದ ಪಕ್ಕ ಕಾರಿನೊಳಗೆ ಕೂತು ಓದಿದರು. ಕುಕ್ಕರಿನ ಮುಂದೆ ಓದಿದರು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಓದಿದರು. ಓದುಗರು ಬೆನ್ನುಡಿ ನೋಡುವುದಿಲ್ಲ. ಮೆಟ್ಟಿಲು ಹತ್ತಿ, "ಹೇಗಿದೆ ಗ್ಲೆನ್?" ಎನ್ನುತ್ತಾರೆ. ಅಷ್ಟಕ್ಕಾಗಿ ಇಷ್ಟು ಓದು.

"ಈಚಿನವರು ಬರೆಯೋದೇನೋ ಚೆನ್ನಾಗೇ ಬರೀತಾರೆ" ಎನ್ನುತ್ತಾರೆ, ಗೇರ್ ಬದಲಿಸುತ್ತ. "ಆದ್ರೆ ಮುಂಚೆ ಕೊಲೆಗಾರನಿಗೆ ಒಂದು ಕಾರಣ ಇರ್ತಿತ್ತು. ಈಗಿನವನಿಗೆ ಒಂದು ಬಾಲ್ಯ ಇರುತ್ತೆ. ಮುನ್ನೂರು ಪುಟ ಅವನ ಅಮ್ಮನ ಬಗ್ಗೆ ಓದಿ ಮುಗಿಸೋ ಹೊತ್ತಿಗೆ ಸತ್ತವನ ಹೆಸರೇ ಮರೆತುಹೋಗಿರುತ್ತೆ." ಕಥೆಯ ಪಾತ್ರಗಳಿಗೆ ಆಪತ್ತಿನ ಹೊತ್ತಲ್ಲೇ ಫೋನಿನ ಸಿಗ್ನಲ್ ಹೋಗುವುದೂ ಅವರಿಗೆ ಹಿಡಿಸದು. "ಸಿಗ್ನಲ್ ಹೋಯ್ತು ಅಂತ ಪಟ್ಟಣದವರು ಬೆವರ್ತಾರೆ. ನಮಗೆ ಸಿಗ್ನಲ್ ಬಂದ್ರೆ ಭಯ, ಯಾರಿಗೆ ಏನಾಯ್ತೋ ಅಂತ."

ಫೋರ್ ವೆಲ್ಸ್ ಊರಿನ ತಗಡಿನ ಸಭಾಭವನದ ಮುಂದೆ ರೋಸ್ಲಿನ್ ಪೋಲ್ಕಿಂಗ್‌ಹಾರ್ನ್ ಕಾದಿದ್ದಾರೆ. ಗೋಧಿ ಬೆಳೆಯುವ ಹೆಂಗಸು. ಗ್ರಹಗಳ ಕಥೆಯೆಂದರೆ ಪ್ರಾಣ. ಇಂದು ಮಾತ್ರ ಪುಸ್ತಕವನ್ನು ಲಾರಿಯೊಳಗಿನ ಮೇಜಿಗೆ ಬಡಿದಂತೆ ಇಡುತ್ತಾರೆ.

"ಮಂಗಳ ಗ್ರಹದಲ್ಲಿ ಗೋಧಿ ಬೆಳೀತಾರಂತೆ, ಮೊದಲ್ನೇ ವರ್ಷಕ್ಕೇ ಸೊಂಟದೆತ್ತರ! ಗೊಬ್ಬರ ಯಾವನು ಹಾಕ್ದ?"

"ಕಥೆ ಕಣೇ ರೋಸ್."

"ಕಥೆಯಾದ್ರೆ ರಾಕೆಟ್ ವಿಷ್ಯದಲ್ಲಿ ಸುಳ್ಳು ಹೇಳ್ಲಿ, ನಂಬ್ತೀನಿ. ಗೋಧಿ ವಿಷ್ಯದಲ್ಲಿ ಬೇಡ." ಬಡಿದ ಪುಸ್ತಕವನ್ನು ಮೆಲ್ಲಗೆ ನೇರ ಮಾಡಿಟ್ಟು, "ಆದ್ರೂ ಆ ಹುಡುಗಿ ಭೂಮಿ ಕಡೆ ನೋಡಿ ನಾಯಿ ನೆನೆಸ್ಕೋತಾಳಲ್ಲ, ಅಲ್ಲಿ ಅತ್ತುಬಿಟ್ಟೆ. ನನ್ನ ಗಂಡ ಡೇವ್‌ಗೆ ಹೇಳ್ಬೇಡ" ಎನ್ನುತ್ತಾರೆ.

ಆಮೇಲೆ ದನಿ ತಗ್ಗುತ್ತದೆ. ಈ ಚಳಿಗಾಲದಲ್ಲಿ ಸುತ್ತಿನ ಊರುಗಳೆಲ್ಲ ಸರದಿ ನಿಂತು ಓದುತ್ತಿರುವುದು ಉಣ್ಣೆ ಕೊಟ್ಟಿಗೆಯ ಕೊಲೆಯ ಒಂದು ಹೊಸ ಕಾದಂಬರಿ. ಮೂಟೆಯೊಳಗೆ ಹೆಣ, ಅನುಮಾನ ಮೂವರ ಮೇಲೆ: ಅಡುಗೆಯವನು, ಯಜಮಾನನ ತಮ್ಮ, ಉಣ್ಣೆ ವಿಂಗಡಿಸುವ ಹೆಂಗಸು. ಪುಸ್ತಕ ಈಗ ಟ್ಯಾಂಕ್ ಹಿಲ್ ಊರಿನ ಮರ್ವ್ ಹತ್ತಿರವಿದೆ, ಮುಂದಿನ ಸರದಿ ರೋಸ್ಲಿನ್‌ರದು. "ಮರ್ವ್ ಇನ್ನೂ ವಾಪಸ್ ಕೊಟ್ಟಿಲ್ವಾ? ಸರಿ, ಯಾರು ಅಂತ ಒಂದೇ ಒಂದು ಹೆಸರು ಹೇಳ್ಬಿಡು. ಬಾಳೆಹಣ್ಣಿನ ಕೇಕ್ ಮಾಡಿದೀನಿ."

"ಕೇಕ್ ತಗೋತೀನಿ. ಹೆಸರು ಹೇಳಲ್ಲ."

"ಕಲ್ಲು ಹೆಂಗಸು ನೀನು."

ಇದೇ ಅಂಗಳದಲ್ಲಿ ಒಂದು ಕಾಲಕ್ಕೆ ಲಾರಿಯ ಮುಂದೆ ಸಾಲು ನಿಲ್ಲುತ್ತಿತ್ತು. ಶಾಲೆಯ ಮಕ್ಕಳು ಬೂಟು ಕಳಚಿ ಹತ್ತುತ್ತಿದ್ದರು. ತಾರೀಖಿನ ಮೊಹರಿಗೆ ಶಾಯಿ ಒತ್ತಿ ಹೊಡೆದರೆ ಆ ಸಪ್ಪಳಕ್ಕೇ ಕೂಸುಗಳು ನಗುತ್ತಿದ್ದವು. ಕೆಲವಕ್ಕೆ ಅಂಗೈ ಮೇಲೂ ಒಂದು ಮೊಹರು ಬೇಕಿತ್ತು. ಗೋಧಿಯ ರೈಲು ಕೂಗಿಕೊಂಡು ಹೋಗುವಾಗ ಎಲ್ಲರೂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಂತ ಪದದಿಂದಲೇ ಮುಂದುವರಿಸುತ್ತಿದ್ದರು. ಈಗ ಶಾಲೆ ಮುಚ್ಚಿದೆ. ಟೆನಿಸ್ ಅಂಗಳದ ಗೆರೆಗಳ ನಡುವೆ ಮುಳ್ಳುಗಿಡ ಎದ್ದಿದೆ. ಹಳಿ ಇದೆ, ರೈಲಿಲ್ಲ. "ಈಗಲೂ ಆ ಹೊತ್ತಿಗೆ ನಾನು ಮಾತು ನಿಲ್ಲಿಸಿಬಿಡ್ತೀನಿ. ಅಭ್ಯಾಸ" ಎನ್ನುತ್ತಾರೆ ಗ್ಲೆನಿಸ್.

ಉಳಿದಿರುವ ಹಳೆಯ ಪದ್ಧತಿ ಒಂದೇ. ಕುರಿ ಯಾರದೆಂದು ತಿಳಿಯಲು ಇಲ್ಲಿ ಒಂದೊಂದು ಮನೆಯವರೂ ಕುರಿಯ ಕಿವಿಯಂಚಿಗೆ ಒಂದೊಂದು ಆಕಾರದ ಕಚ್ಚು ಹಾಕುತ್ತಾರೆ. ಅದೇ ಗುರುತನ್ನು ಲಾರಿಯ ಓದುಗರು ಪುಸ್ತಕದ ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ: ನಾನಿದನ್ನು ಓದಿ ಮುಗಿಸಿದ್ದೇನೆ. ಥ್ರಿಲ್ಲರುಗಳ ರಕ್ಷಾಪುಟಗಳೆಲ್ಲ ಒಂದೇ ಥರ, ಕೆಂಪು ಕೋಟಿನ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಡೆಯುತ್ತಿರುತ್ತಾಳೆ. ಗುರುತಿಲ್ಲದಿದ್ದರೆ ಓದಿದ್ದನ್ನೇ ಮತ್ತೆ ಒಯ್ದಾರು. ಮುಗಿಸದೆ ಗುರುತು ಹಾಕುವಂತಿಲ್ಲ. ಅದು ಇನ್ನೊಬ್ಬರ ಕುರಿಗೆ ನಮ್ಮ ಕಚ್ಚು ಹಾಕಿದಷ್ಟೇ ತಪ್ಪು.

ಟ್ಯಾಂಕ್ ಹಿಲ್‌ನ ಮರ್ವ್ ಕಿಟೊ ಅವರ ಗುರುತು ಇಬ್ಭಾಗವಾದ ಹಕ್ಕಿಬಾಲದಂಥದ್ದು, ಅಪ್ಪನ ಕಾಲದ ಮಂದೆಯದು. ಬದುಕೆಲ್ಲ ಕುರಿಗಳ ಉಣ್ಣೆ ಕತ್ತರಿಸಿ ಬೆನ್ನು ಬಾಗಿದ ಮನುಷ್ಯ. ಎಂಬತ್ತೊಂದು ವರ್ಷ. ಅವರ ಗುರುತಿಲ್ಲದ ಪುಸ್ತಕ ಆ ಕಪಾಟಿನಲ್ಲಿ ಅಪರೂಪವಾಗಿತ್ತು. ಆದರೆ ಈಚಿನ ಮೂರು ಸುತ್ತಿನಿಂದ ಅವರು ಮರಳಿಸಿದ ಒಂದರಲ್ಲೂ ಹಕ್ಕಿಬಾಲ ಇಲ್ಲ. ಅಭಿಪ್ರಾಯಗಳಿಗೇನೂ ಕೊರತೆಯಿಲ್ಲ, "ಆ ಇನ್‌ಸ್ಪೆಕ್ಟರ್ ಕುಡಿಯೋದು ಬಿಟ್ರೆ ಕೇಸು ಎರಡೇ ದಿನದ್ದು" ಎಂದು ಜೋರಾಗಿಯೇ ಹೇಳುತ್ತಾರೆ. ಎಲ್ಲವೂ ಮೊದಲ ಅಧ್ಯಾಯಗಳ ಮಾತು. ಮರ್ವ್ ಬಾಯಲ್ಲಿ ಸುಳ್ಳು ಹೇಳಿಯಾರು, ಪೆನ್ಸಿಲಿನಲ್ಲಿ ಹೇಳಲಾರರು. ಗ್ಲೆನಿಸ್ ಗಮನಿಸಿದ್ದಾರೆ. ಕೇಳಿಲ್ಲ.

ಮಧ್ಯಾಹ್ನ ಟ್ಯಾಂಕ್ ಹಿಲ್‌ನಲ್ಲಿ ಮರ್ವ್ ಲಾರಿಯ ಪಕ್ಕೆಯನ್ನು ಕೈಯಿಂದ ತಡವುತ್ತ ಬರುತ್ತಾರೆ. ಕಂಕುಳಲ್ಲಿ ಉಣ್ಣೆ ಕೊಟ್ಟಿಗೆಯ ಕೊಲೆ.

"ಮೂಟೆಯೊಳಗೆ ಹೆಣವಂತೆ! ತಕ್ಕಡಿಗೆ ಹಾಕಿದ ತಕ್ಷಣ ಗೊತ್ತಾಗಲ್ವಾ? ಬರೆದವನು ಕುರಿ ನೋಡಿದ್ದು ತಟ್ಟೇಲಿ ಮಾತ್ರ."

"ಮುಗೀತಾ ಮರ್ವ್?"

ಮರ್ವ್ ಮೆಟ್ಟಿಲ ಮೇಲೆ ಕೂರುತ್ತಾರೆ. "ಶನಿವಾರ ಹೋಗ್ತಿದೀನಿ. ಪೋರ್ಟ್ ಲಿಂಕನ್‌ಗೆ, ವ್ಯಾಲ್ ಮನೆಗೆ." ವ್ಯಾಲ್ ಅವರ ತಂಗಿ. "ಕಣ್ಣಿನ ನಡುಭಾಗ ಹೋಗಿದೆ, ಗ್ಲೆನ್. ಅಂಚಲ್ಲಿ ಕಾಣುತ್ತೆ. ನಿನ್ನ ಕಿವಿ ಕಾಣುತ್ತೆ, ಮುಖ ಇಲ್ಲ. ಇದನ್ನ ಭೂತಗನ್ನಡಿ ಹಿಡ್ಕೊಂಡು ಮುಕ್ಕಾಲು ಮಾಡ್ದೆ. ಇನ್ನಾಗಲ್ಲ."

"ಕೇಳೋ ಪುಸ್ತಕ ತರಿಸಿಕೊಡ್ತೀನಿ."

"ತಂದಿದ್ಳು ವ್ಯಾಲ್. ಓದೋನು ಒಂದೊಂದು ಹೆಣಕ್ಕೂ ಪಾದ್ರಿ ಥರ ರಾಗ ಎಳೀತಾನೆ. ನಿದ್ದೆ ಬಂತು." ಮರ್ವ್ ಪುಸ್ತಕವನ್ನು ಮಗ್ಗುಲಿಗಿಡುತ್ತಾರೆ. "ಇದು ನಾನೇ ಓದಿದ ಕೊನೇದು. ಅರ್ಧಕ್ಕೆ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಯಾರು ಗ್ಲೆನ್? ಅಡುಗೆಯವನು ತಾನೆ?"

ಗ್ಲೆನಿಸ್ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾರೆ. ಐವರ್ ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಹೊಸ ವಿಧವೆಯೊಬ್ಬಳ ಕೈಗೆ ಪುಸ್ತಕ ಕೊಡುವಾಗ ಐವರ್ ತಮಾಷೆಗೆ ಕೊಲೆಗಾರನ ಹೆಸರು ಅಂದುಬಿಟ್ಟಿದ್ದರು. ಆಕೆ ಪುಸ್ತಕವನ್ನು ಅಲ್ಲೇ ಇಟ್ಟು ಹೋದಳು, ಮತ್ತೆ ಲಾರಿಯ ಹತ್ತಿರ ಬರಲಿಲ್ಲ. "ಹದಿನೈದು ದಿನ ಆಕೆಗೆ ಜೊತೆಯಾಗಿರಬೇಕಿದ್ದದ್ದನ್ನ ಒಂದು ಮಾತಲ್ಲಿ ಕೊಂದೆ ಕಣೇ" ಎಂದಿದ್ದರು ಐವರ್. ಅದಕ್ಕೇ ಆ ಆಣೆ. ರೋಸ್ಲಿನ್‌ರ ಕೇಕಿಗೂ, ಪಾದ್ರಿಯ ಬೇಡಿಕೆಗೂ, ಜ್ವರದಲ್ಲಿದ್ದ ಸ್ವಂತ ಮಗಳಿಗೂ ಗ್ಲೆನಿಸ್ ಬಗ್ಗಿದವರಲ್ಲ. ಐವರ್ ಈಗ ಬದುಕಿಲ್ಲ; ಸತ್ತವರಿಗೆ ಕೊಟ್ಟ ಮಾತನ್ನು ಅವರನ್ನೇ ಕೇಳಿ ಸಡಿಲಿಸಿಕೊಳ್ಳುವಂತೆಯೂ ಇಲ್ಲ.

ಗ್ಲೆನಿಸ್ ಇಳಿದು ಮರ್ವ್ ಪಕ್ಕ ಕೂರುತ್ತಾರೆ, ಅವರ ಕಣ್ಣಂಚಿಗೆ ಸಿಗುವ ಕಡೆ.

"ಅಡುಗೆಯವನಲ್ಲ. ಉಣ್ಣೆ ವಿಂಗಡಿಸೋಳು."

"ಅವಳಾ! ಥೂ!" ಮರ್ವ್ ತೊಡೆ ತಟ್ಟಿಕೊಂಡು ನಗುತ್ತಾರೆ. "ಚಹಾ ಹೊತ್ತಲ್ಲಿ ಒಬ್ಳೇ ಹಿಂದೆ ಉಳೀತಿದ್ಳು, ನೋಡಿದ್ದೆ, ಬಿಟ್ಟೆ! ಹೇಗೆ ಸಿಕ್ಕಿಬಿದ್ಳು? ಪೂರ್ತಿ ಹೇಳು. ಅವಸರ ಮಾಡ್ಬೇಡ."

ಗ್ಲೆನಿಸ್ ಪೂರ್ತಿ ಹೇಳುತ್ತಾರೆ. ಮಳೆ ಬಂದದ್ದು, ಮೂಟೆ ಬಿಚ್ಚಿದ್ದು, ಅವಳು ಓಡದೆ ಕೂತು ಸಿಗರೇಟು ಹಚ್ಚಿದ್ದು. ಚಹಾ ಆರುತ್ತದೆ. ಮುಂದಿನ ಊರಿಗೆ ಹೊತ್ತು ಮೀರುತ್ತದೆ. ಮುಗಿದ ಮೇಲೆ ಅವರು ಕೊನೆಯ ಪುಟ ತೆರೆದು, ಮರ್ವ್ ಬೆರಳನ್ನು ಮೂಲೆಗೆ ತಂದಿಟ್ಟು, ಪೆನ್ಸಿಲ್ ಕೊಡುತ್ತಾರೆ.

"ಓದಿಲ್ವಲ್ಲ ನಾನು" ಎನ್ನುತ್ತಾರೆ ಮರ್ವ್.

"ಮುಗಿಸಿದೆ ತಾನೆ? ಹಾಕು."

ಹಕ್ಕಿಬಾಲ ಸ್ವಲ್ಪ ಸೊಟ್ಟಗೆ ಬರುತ್ತದೆ. ಗ್ಲೆನಿಸ್ ಪುಸ್ತಕವನ್ನು ರೋಸ್ಲಿನ್‌ರ ಸರದಿಗೆಂದು ಕಪಾಟಿನಲ್ಲಿಟ್ಟು ರಬ್ಬರ್ ಪಟ್ಟಿ ಬಿಗಿಯುತ್ತಾರೆ, ಲಾರಿ ಶುರು ಮಾಡುತ್ತಾರೆ.

ಐವರ್ ಟೊಂಕಿನ್‌ಗೆ ಕೊಟ್ಟ ಮಾತನ್ನು ಗ್ಲೆನಿಸ್ ಟ್ರೆಲೋರ್ ಮುರಿದಿದ್ದಾರೆ.