ಇರುವೆಗಳು ಇಳಿದ ಮೇಲೆ ಹೊತ್ತಿದ ದೀಪ

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಕರೆಂಟು ಬರುತ್ತದೆ ಎಂದು ಗೊತ್ತಾದದ್ದೇ ತಡ, ಊರಿಡೀ ನಕ್ಕಿತು. ಮೂಡುಬಿದಿರೆ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಕೈ ತೊಳೆಯುವವರು. "ನಿಮಗೆ ಯಾಕೆ ಮಾರಾಯ್ರೆ ದೀಪ? ಖಾಲಿ ಬಟ್ಟಲು ನೋಡಲಿಕ್ಕಾ?" ಎಂದು ಪಕ್ಕದ ಮನೆಯವರು ಅಪ್ಪನನ್ನು ಕಾಡುತ್ತಿದ್ದರು. ಅಪ್ಪನೂ ನಗುತ್ತಿದ್ದರು. ನಾನು ಮಾತ್ರ ನಗುತ್ತಿರಲಿಲ್ಲ. ಆದಿತ್ಯವಾರ ಸಂಜೆ ನಮ್ಮ ಚಾವಡಿಯಲ್ಲಿ ದೀಪ ಹೊತ್ತುತ್ತದೆ ಎಂದು ಇಡೀ ಕ್ಲಾಸಿಗೆ ಡಂಗುರ ಸಾರಿಯಾಗಿತ್ತು. ಹೊತ್ತದಿದ್ದರೆ ಸೋಮವಾರ ಶಾಲೆಗೆ ಹೋಗುವ ಮುಖ ನನಗಿರಲಿಲ್ಲ.

ಆ ಆದಿತ್ಯವಾರ ವಯರಿಂಗಿನವರು ಬೆಳಿಗ್ಗೆಯೇ ಬಂದರು. ಚಾವಡಿಗೆ ಹಲಸಿನ ಹಲಗೆಯ ಮುಚ್ಚಿಗೆ, ಅದರ ಮೇಲೆ ಕತ್ತಲೆಯ ಅಟ್ಟ. ಅವರು ಹಲಗೆಗೆ ತೂತು ಕೊರೆದಾಗ ಹಳದಿ ಹುಡಿ ಸಿಹಿ ವಾಸನೆ ಬೀರುತ್ತ ನಮ್ಮ ತಲೆಯ ಮೇಲೆ ಉದುರಿತು. ವಯರುಗಳನ್ನು ಜೋಡಿಸಿ, ಕಪ್ಪು ಟೇಪು ಸುತ್ತಿ, ಆ ಗಂಟನ್ನು ತೂತಿನೊಳಗೆ ತುರುಕಿ, ಕೆಳಗೆ ಹೋಲ್ಡರ್ ಕೂರಿಸಿದರು. ಬಲ್ಬನ್ನೂ ಸಿಕ್ಕಿಸಿ ಆಯಿತು. ಮೇನ್ ಸ್ವಿಚ್ ಹಾಕುವುದೊಂದೇ ಬಾಕಿ.

ಆಗ ಅಜ್ಜಿ ಕತ್ತೆತ್ತಿ ನೋಡಿದರು. "ನಿಲ್ಲಿ, ನಿಲ್ಲಿ. ಇರುವೆ ಉಂಟು!"

ಗೋಡೆ ಹತ್ತಿದ ಇರುವೆಸಾಲೊಂದು ಹೋಲ್ಡರಿನ ಸಂದಿಯೊಳಗೆ ನುಗ್ಗುತ್ತಿತ್ತು. ಕರೆಂಟು ಕೊಟ್ಟರೆ ಪಾಪ ಅವು ಸಾಯುತ್ತವೆ, ಮೊದಲು ಆ ಗಂಟನ್ನು ಮುಚ್ಚಬೇಕು ಎಂದು ಅಜ್ಜಿಯ ಹಟ.

"ಟೇಪು ಸುತ್ತಿದ್ದೇನಲ್ಲ ಅಮ್ಮ, ಏನೂ ಆಗುವುದಿಲ್ಲ," ಎಂದರು ವಯರಿಂಗಿನವರು.

"ಏನೂ ಆಗುವುದಿಲ್ಲ ಅಂತ ಇರುವೆಗೆ ಗೊತ್ತುಂಟಾ? ಮುಚ್ಚಲಿಕ್ಕೆ ಏನೂ ಇಲ್ಲವಾ ನಿಮ್ಮಲ್ಲಿ?"

"ಡಬ್ಬಿ ಉಂಟು. ಆದರೆ ಪುನಃ ಎಲ್ಲ ಬಿಚ್ಚಬೇಕು."

"ಬಿಚ್ಚುವ," ಎಂದು ಅಜ್ಜಿ ಕಂಬಕ್ಕೆ ಒರಗಿ ಕೂತೇ ಬಿಟ್ಟರು. ನನಗೆ ಅಳು ಬಂತು. ಇರುವೆಗಿಂತ ಮೊಮ್ಮಗ ಕಡೆಯಾದನೇ ಎಂದು ಸಿಟ್ಟೂ ಬಂತು.

ಹೋಲ್ಡರ್ ಬಿಚ್ಚಿದರು. ಅಪ್ಪ ಟಾರ್ಚ್ ಹಿಡಿದು ಅಟ್ಟ ಹತ್ತಿದವರು, "ಇಲ್ಲೊಂದು ಸಂಸಾರವೇ ಉಂಟು!" ಎಂದು ಕೂಗಿದರು. ತೂತಿನ ಪಕ್ಕದಲ್ಲೇ ಇಲಿಗೂಡು. ತೆಂಗಿನ ನಾರು, ಕಾಗದದ ಚೂರು, ಇಲಿ ಕದ್ದು ತಂದ ಕೊಬ್ಬರಿ. ಇರುವೆಗಳು ಹೊರಟಿದ್ದದ್ದು ಆ ಕೊಬ್ಬರಿಗೆ. ವಯರಿನ ಗಂಟು ಮಾತ್ರ ಸರಿಯಾಗಿ ಆ ಒಣ ನಾರಿಗೆ ತಾಗಿಕೊಂಡೇ ಇತ್ತು. ವಯರಿಂಗಿನವರ ಮುಖ ಸಪ್ಪೆಯಾಯಿತು. "ಗಂಟು ಬಿಸಿಯಾಗಿ ಒಂದು ಕಿಡಿ ಹಾರಿದ್ದರೆ ಮುಚ್ಚಿಗೆಗೇ ಬೆಂಕಿ," ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಮೆಲ್ಲ ಹೋಗಿ ಅಜ್ಜಿಗೆ ಅಂಟಿ ಕೂತೆ.

ಗೂಡಿನಲ್ಲಿ ಕಣ್ಣು ಬಿಡದ ಗುಲಾಬಿ ಮರಿಗಳಿದ್ದವು. ಅಪ್ಪ ಗೂಡನ್ನು ಅಕ್ಕಿ ಕೇರುವ ಗೆರಸೆಯಲ್ಲಿಟ್ಟು, ಬಾಣಂತಿಯನ್ನು ಕರೆದೊಯ್ಯುವಷ್ಟು ಜೋಪಾನವಾಗಿ ಏಣಿ ಇಳಿದು, ಸೌದೆ ಕೊಟ್ಟಿಗೆಯಲ್ಲಿ ಬಿಟ್ಟರು. ಅಕ್ಕ ಆ ಕೊಬ್ಬರಿಯನ್ನು ಗೋಡೆಯ ಬುಡದಲ್ಲಿಟ್ಟಳು. ಇರುವೆಗಳು ಇಳಿಯತೊಡಗಿದವು. ಅವಕ್ಕೇನು ಅವಸರ! ನಾವು ಊಟ ಮಾಡಿ ಬಂದರೂ ಮೆರವಣಿಗೆ ಮುಗಿದಿರಲಿಲ್ಲ. ಕೊನೆಯದೂ ಇಳಿದ ಮೇಲೆ ವಯರಿಂಗಿನವರು ಗಂಟನ್ನು ಕಬ್ಬಿಣದ ಡಬ್ಬಿಯೊಳಗಿಟ್ಟು, ಮುಚ್ಚಳಕ್ಕೆ ಸ್ಕ್ರೂ ಬಿಗಿದು, ಹೋಲ್ಡರನ್ನು ಸಂದಿಯಿಲ್ಲದಂತೆ ಕೂರಿಸಿದರು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಈಗ ಹಾಕುವ," ಎಂದರು.

ಸ್ವಿಚ್ ಒತ್ತಿದ್ದು ನಾನೇ. ಹಲಸಿನ ಹಲಗೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದವು. ಅಕ್ಕ ಒಳಗೆ ಓಡಿ ಒಂದು ಖಾಲಿ ಬಟ್ಟಲು ತಂದು ಬೆಳಕಿಗೆ ಹಿಡಿದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಕ್ಕಳೇ, ಈಗ ನೀವು ಮಲಗಿದಲ್ಲಿಂದಲೇ ಫೋನಿಗೆ ಹೇಳಿದರೆ ದೀಪ ಹೊತ್ತುತ್ತದೆ. ನಮ್ಮ ದೀಪಕ್ಕೆ ಇರುವೆಗಳ ಅಪ್ಪಣೆ ಬೇಕಿತ್ತು. ಮೊನ್ನೆ ನಿಮ್ಮ ಕೋಣೆಗೆ ಹೊಸ ದೀಪ ಹಾಕುವಾಗ ನಿಮ್ಮಲ್ಲಿ ಚಿಕ್ಕವಳು ಏಣಿಯ ಹತ್ತಿರ ನಿಂತು, "ಡಬ್ಬಿಗೆ ಮುಚ್ಚಳ ಹಾಕಿದ್ರಾ ಅಂಕಲ್? ಪಾಪ, ಇರುವೆ ಒಳಗೆ ಹೋಗ್ತದೆ," ಎಂದಳು. ನಾನು ಓದುತ್ತಿದ್ದ ಪೇಪರು ಹಾಗೇ ಮಡಿಲಿಗೆ ಬಿತ್ತು. ನನ್ನ ಅಜ್ಜಿಯನ್ನು ಅವಳು ಕಂಡವಳಲ್ಲ, ಈ ಕಥೆಯನ್ನು ನಾನು ಅವಳಿಗೆ ಹೇಳಿಯೂ ಇರಲಿಲ್ಲ. ಅದಕ್ಕೇ ಇವತ್ತು ಹೇಳಿದೆ.