ತೋಯಿಬುವಿನ ಮುಂದಿನ ಸಾಲು

ತೋಯಿಬುವಿಗೆ ಬೀಳುತ್ತಿದ್ದ ಕನಸು ಒಂದೇ. ಅದೂ ಹೆಚ್ಚಾಗಿ ಮಧ್ಯಾಹ್ನ, ಹೊಲಿಯುತ್ತ ಹೊಲಿಯುತ್ತ ಸೂಜಿ ಬೆರಳಲ್ಲೇ ನಿಂತು ಕಣ್ಣು ಎಳೆದಾಗ. ಕನಸಿನಲ್ಲಿ ಅವನು ಊರ ಚೌಕದ ಕಲ್ಲುಕಟ್ಟೆಯ ಮೆಟ್ಟಿಲು ಹತ್ತುತ್ತಾನೆ. ಕಟ್ಟೆಗೆ ಇರುವುದೇ ಎರಡು ಮೂರು ಮೆಟ್ಟಿಲು, ಆದರೆ ಕನಸಿನಲ್ಲಿ ಅವು ಮುಗಿಯುವುದೇ ಇಲ್ಲ. ಕೊನೆಗೂ ಹತ್ತಿ ಕೂರುತ್ತಾನೆ. ಕಲ್ಲು ಬೆಚ್ಚಗಿರುತ್ತದೆ. ಇಲಾಂಗ್ ಹೂವಿನ ವಾಸನೆ ಗಾಳಿಯಲ್ಲಿ ತೇಲಿಬರುತ್ತದೆ, ಯಾರೋ ಸರಿದು ಜಾಗ ಕೊಡುತ್ತಾರೆ, ಯಾರೋ ಅವನ ಹೆಸರಿಗೆ ಗೌರವದ ಮಾತೊಂದನ್ನು ಸೇರಿಸಿ ಕರೆಯುತ್ತಾರೆ. ಆ ಮಾತು ಕಿವಿಗೆ ಬೀಳುವಷ್ಟರಲ್ಲಿ ಸೂಜಿ ಚುಚ್ಚಿ ಎಚ್ಚರವಾಗುತ್ತದೆ.

ಎಚ್ಚರವಾದರೆ ಅವನು ಅರವತ್ತು ದಾಟಿದ ಹುಡುಗ.

ನಮ್ಮ ನ್ಗಾಜಿಜಾ ದ್ವೀಪದಲ್ಲಿ ಇದು ತಮಾಷೆಯ ಮಾತಲ್ಲ. ಚಿಕ್ಕ ಮದುವೆ ಎಲ್ಲರಿಗೂ ಆಗುತ್ತದೆ: ಮನೆಯೊಳಗೆ ನಾಲ್ಕು ಜನ, ಒಂದು ಪ್ರಾರ್ಥನೆ, ಒಂದು ಊಟ. ಮಕ್ಕಳಾಗುತ್ತವೆ, ಮೊಮ್ಮಕ್ಕಳೂ ಆಗುತ್ತವೆ. ಆದರೆ ಊರಿಗೆ ಊರೇ ಉಂಡು ಏಳುವ, ಹೋರಿಗಳನ್ನು ಕಡಿಯುವ, ಹೆಣ್ಣಿನ ಮೈಮೇಲೆ ಚಿನ್ನ ಹೇರುವ ದೊಡ್ಡ ಮದುವೆಯೇ ಬೇರೆ. ಅದನ್ನು ಮಾಡಿಕೊಂಡವನು ದೊಡ್ಡ ಮನುಷ್ಯ. ಕಟ್ಟೆಯ ಮೇಲೆ ಅವನಿಗೆ ಜಾಗ, ಮಸೀದಿಯಲ್ಲಿ ಮುಂದಿನ ಸಾಲು, ಸಭೆಯಲ್ಲಿ ಮಾತು. ಮಾಡಿಕೊಳ್ಳದವನು ಸಾಯುವ ತನಕ ಊರ ಹುಡುಗ. ಮಾಂಸ ಹಂಚಬೇಕು, ಚಾಪೆ ಹಾಸಬೇಕು, ಬಾಯಿ ಮುಚ್ಚಿಕೊಂಡು ಹಿಂದೆ ಕೂರಬೇಕು. ಪ್ಯಾರಿಸ್ಸಿನಲ್ಲಿ ಓದಿ ಡಾಕ್ಟರಾಗಿ ಬಂದವನಿಗೂ ನಮ್ಮ ಹಿರಿಯರು ಚಾಪೆ ಎಳೆಯಲು ಹೇಳಿದ್ದುಂಟು. ಆತ ಮರುಮಾತಾಡದೆ ಎಳೆದ.

ತೋಯಿಬು ಟೋಪಿ ಹೊಲಿಯುವವನು. ನಮ್ಮ ಬಿಳಿ ಟೋಪಿಯನ್ನು ನೀವು ನೋಡಿದ್ದರೆ ಗೊತ್ತು, ಅದರ ತುಂಬ ಸಾಸಿವೆ ಕಾಳಿನಷ್ಟು ತೂತುಗಳು. ಒಂದೊಂದು ತೂತಿನ ಸುತ್ತಲೂ ದಾರ ಸುತ್ತಿ ಬಳ್ಳಿ, ಹೂವು, ಮೀನಿನ ಕಣ್ಣು ಬಿಡಿಸಬೇಕು. ಒಂದು ಟೋಪಿ ಮುಗಿಯುವಷ್ಟರಲ್ಲಿ ಲವಂಗ ಮೊಗ್ಗು ಬಿಟ್ಟು ಕಟಾವಾಗಿರುತ್ತದೆ. ಊರ ಗಂಡಸರ ತಲೆಯ ಮೇಲಿದ್ದದ್ದೆಲ್ಲ ಬಹುಮಟ್ಟಿಗೆ ಅವನ ಕೈಕೆಲಸವೇ. ಊರಿಗೆಲ್ಲ ಟೋಪಿ ಹಾಕಿದ ಪುಣ್ಯಾತ್ಮ ಎಂದು ಅವನನ್ನು ರೇಗಿಸುವವನು ಶಂಗಾಮಾ. ಮೀನು ಹಿಡಿಯುವ ಆ ಮುದುಕನೂ ಊರ ಹುಡುಗನೇ. ಸಂಜೆ ಇಬ್ಬರೂ ಕಟ್ಟೆಯ ಹಿಂದಿನ ಗೋಡೆಗೆ ಒರಗಿ ಡಾಮಿನೋ ಆಡುತ್ತಿದ್ದರು. ಶುಕ್ರವಾರ ಮಸೀದಿಯಲ್ಲಿ ಇಬ್ಬರದೂ ಕೊನೆಯ ಸಾಲು.

ಆ ಕೊನೆಯ ಸಾಲಿನಲ್ಲಿ ಕೂತು ಪ್ರವಚನ ಕೇಳುವಾಗ ತೋಯಿಬುವಿನ ಕಣ್ಣು ಅದರಷ್ಟಕ್ಕೆ ಅದು ಅಲೆಯುತ್ತಿತ್ತು. ಮುಂದೆಲ್ಲ ಟೋಪಿಗಳು. ಕಿಟಕಿಯ ಬೆಳಕು ಬಿದ್ದರೆ ಎಲ್ಲವೂ ಒಟ್ಟಿಗೆ ಮಿನುಗುತ್ತಿದ್ದವು, ಕಡಲ ನೊರೆಯ ಹಾಗೆ. ಅಗೋ ಆ ಬಳ್ಳಿ, ಮಗಳು ನಸ್ರಾ ಹುಟ್ಟಿದ ವರ್ಷದ್ದು. ಪಕ್ಕದ್ದರಲ್ಲಿ ದಾರ ಬಿಗಿ ಜಾಸ್ತಿ. ಆಗ ಅವಳಿಗೆ ಜ್ವರ, ಹಾಸಿಗೆಯ ಪಕ್ಕದಲ್ಲೇ ಕೂತು ಹೊಲಿದದ್ದು. ಆಚೆಯದರ ಬಿಳುಪು ಸ್ವಲ್ಪ ಮಾಸಲು. ನಮ್ಮ ಬೆಂಕಿ ಬೆಟ್ಟ ಬೂದಿ ಉಗುಳಿದ ತಿಂಗಳು ಅದು, ಎಷ್ಟು ತೊಳೆದರೂ ಹೋಗಲಿಲ್ಲ. ಹೀಗೆ ಒಂದೊಂದು ತಲೆ ನೋಡುತ್ತ ಅವನು ತನ್ನ ವರ್ಷಗಳೊಳಗೆಲ್ಲ ಅಡ್ಡಾಡಿ ಬರುತ್ತಿದ್ದ. ಅದೊಂದು ಸುಖ ಎಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತರೆ ಹೇಗಿರುತ್ತದೋ ಎಂಬುದೇ ಅವನ ಯೋಚನೆ.

ತನ್ನ ದೊಡ್ಡ ಮದುವೆಗೆಂದು ಅವನು ಟೋಪಿ ಶುರು ಮಾಡಿದ್ದು ಒಂದು ಸಲವಲ್ಲ. ಆದರೆ ಓರಗೆಯವನೊಬ್ಬನ ದೊಡ್ಡ ಮದುವೆ ಬಂದರೆ ಓರಗೆಯವರೆಲ್ಲ ಏನಾದರೂ ಒಯ್ಯಲೇಬೇಕು. ಒಬ್ಬ ಹೋರಿ ಹೊಡೆದುಕೊಂಡು ಹೋಗುತ್ತಾನೆ, ಒಬ್ಬ ಅಕ್ಕಿ ಮೂಟೆ ಹೊರುತ್ತಾನೆ. ತೋಯಿಬು ಏನು ಹೊರಬೇಕು? ತನಗೆಂದು ಹೊಲಿದದ್ದನ್ನೇ ಮಡಿಸಿ ಒಯ್ಯುತ್ತಿದ್ದ. ನೋಡನೋಡುತ್ತ ಶಂಗಾಮಾನೊಬ್ಬನನ್ನು ಬಿಟ್ಟು ಓರಗೆಯವರೆಲ್ಲ ಕಟ್ಟೆ ಹತ್ತಿದರು. ಇವನು ಮತ್ತೆ ಹೊಸ ಬಟ್ಟೆ ಕತ್ತರಿಸಿ ಮೊದಲ ತೂತಿನಿಂದ ಶುರು ಮಾಡುತ್ತಿದ್ದ. ಹೆಂಡತಿ ಎಶಾತಾ ಇದನ್ನೆಲ್ಲ ನೋಡುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಅವಳಿಗೆ ಇದರಲ್ಲಿ ಏನೂ ಅನಿಸುವುದಿಲ್ಲ ಎಂದು ಅವನು ತಿಳಿದಿದ್ದ. ಗಂಡಸರು ಹೀಗೆ ಎಷ್ಟೋ ವಿಷಯ ತಿಳಿದುಕೊಂಡುಬಿಡುತ್ತಾರೆ.

ಒಂದು ದಿನ ಹತ್ತಿರದ ಕೇರಿಯಲ್ಲಿ ದೊಡ್ಡ ಮದುವೆ. ವರನ ಟೋಪಿ ಕೊಡಲು ತೋಯಿಬು ಹೋದಾಗ ಹೆಣ್ಣಿನ ಮನೆಯ ಅಂಗಳದಲ್ಲಿ ಹೆಂಗಸರ ಸಭೆ ಸೇರಿತ್ತು. ಮದುಮಗಳನ್ನು ಎತ್ತರದಲ್ಲಿ ಕೂರಿಸಿ ಹಾಡುತ್ತಿದ್ದರು. ಅವನು ಬಾಗಿಲ ಸಂದಿಯಲ್ಲಿ ಒಂದು ಗಳಿಗೆ ನಿಂತ. ಮುಂದೆ ಕೂತವರ ಮುಖಕ್ಕೆಲ್ಲ ಚಂದನ, ಮೈಮೇಲೆ ಚಿನ್ನ. ಕಟ್ಟಕಡೆಯಲ್ಲಿ, ಗೋಡೆಯ ಬುಡದಲ್ಲಿ, ಲಂಗದ ಹುಡುಗಿಯರ ನಡುವೆ ಎಶಾತಾ ಕೂತಿದ್ದಳು. ತಲೆ ಪೂರ್ತಿ ನೆರೆತ ಹೆಂಗಸು, ಮಕ್ಕಳ ಹಾಗೆ ಕತ್ತು ಉದ್ದ ಮಾಡಿ ಏನಾದರೂ ಕಾಣುತ್ತದೇನೋ ಎಂದು ನೋಡುತ್ತಿದ್ದಳು. ಅಷ್ಟರಲ್ಲಿ ಹೋದ ವರ್ಷ ದೊಡ್ಡ ಮದುವೆಯಾದ ಎಳೆಯ ಹುಡುಗಿಯೊಬ್ಬಳು ಒಳಗೆ ಬಂದಳು. ಅವಳು ಮುಂದಕ್ಕೆ ಹೋಗಲೆಂದು ಎಶಾತಾ ಮಂಡಿ ಮಡಚಿ, ಸೆರಗು ಎಳೆದುಕೊಂಡು, ನಗುತ್ತ ದಾರಿ ಬಿಟ್ಟಳು.

ಆ ನಗು ತೋಯಿಬುವಿನ ಎದೆಗೆ ನಾಟಿತು. ಗಂಡ ಕಟ್ಟೆ ಹತ್ತದಿದ್ದರೆ ಹೆಂಡತಿಗೂ ಹಿಂದಿನ ಜಾಗವೇ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಊರಿಗೇ ಗೊತ್ತಿದ್ದ ಸಂಗತಿ. ಆದರೆ ಗೊತ್ತಿರುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ನಾಚಿಕೆಯಾಯಿತು, ಅಳುವೂ ಬಂತು. ತಾನು ನೋಡಿದ್ದು ಅವಳಿಗೆ ತಿಳಿಯಬಾರದೆಂದು ಟೋಪಿಯನ್ನು ಯಾರದೋ ಕೈಗೆ ತುರುಕಿ ಹಿತ್ತಲ ದಾರಿ ಹಿಡಿದ.

ಅವತ್ತು ಸಂಜೆ ಎಶಾತಾ ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ಅವಳನ್ನೇ ದೊಡ್ಡ ಮದುವೆ ಮಾಡಿಕೊಳ್ಳುವುದಾಗಿ ಹೇಳಿದ. ಅವಳ ಕತ್ತಿ ನಿಂತಿತು.

"ಈ ವಯಸ್ಸಲ್ಲಾ, ನಸ್ರಾ ಅಪ್ಪಾ? ಅರವತ್ತಕ್ಕೆ ಅರಳು ಮರಳು ಅಂತಾರೆ ಜನ."

"ಅನ್ಲಿ ಬಿಡು."

"ಆ ಕಟ್ಟೆಗೋಸ್ಕರಾನಾ?"

ಅವನು ಹೂಂ ಎಂದ. ಅವಳು ಮತ್ತೆ ಸಿಪ್ಪೆ ತೆಗೆಯತೊಡಗಿದಳು, ಆದರೆ ಒಂದೇ ಕಾಯಿಯನ್ನು ಬಹಳ ಹೊತ್ತು ಹೆರೆದಳು.

ಶಂಗಾಮಾನಿಗೆ ಹೇಳಿದಾಗ ಅವನು ಡಾಮಿನೋ ಬಿಲ್ಲೆ ಕೆಳಗಿಟ್ಟು, ಹೆಣ್ಣು ಯಾರೆಂದು ಕೇಳಿದ.

"ಎಶಾತಾನೇ ಕಣೋ, ಇನ್ಯಾರು?"

"ಅವಳು ಒಪ್ಪಿದಾಳಾ? ಇಷ್ಟು ವರ್ಷ ನಿನ್ನ ಹತ್ತಿರದಿಂದ ನೋಡಿದಾಳೆ. ಇನ್ನೊಂದ್ಸಲ ಯೋಚನೆ ಮಾಡೋಕೆ ಹೇಳು."

ದೊಡ್ಡ ಮದುವೆಯ ಮಾತನ್ನು ಚೌಕದಲ್ಲಿ ನಿಂತು ಸಾರಬೇಕು. ಒಮ್ಮೆ ಸಾರಿದರೆ ಮುಗಿಯಿತು, ಹಿಂದಕ್ಕೆ ಬರುವಂತಿಲ್ಲ. ಸಾರಿ ಮಾಡದೆ ಹೋದವನ ಮನೆಯ ಹೆಣ್ಣುಮಕ್ಕಳು ಬಾವಿಗೆ ನೀರಿಗೆ ಹೋದರೂ ಚುಚ್ಚುಮಾತು ಕೇಳಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ನಮ್ಮ ದ್ವೀಪ ನೋಡಿಯೇ ಹೇಳಿರಬೇಕು. ತೋಯಿಬುವಿನ ಬಳಿ ಇದ್ದದ್ದು ಅಕ್ಕನ ಪೆಟ್ಟಿಗೆಯಲ್ಲಿ ವರ್ಷವರ್ಷವೂ ಚೂರುಚೂರಾಗಿ ಕೂಡಿಟ್ಟ ಚಿನ್ನ. ಹೆಂಡತಿಯ ಮೈಗೆ ಅದು ಸಾಕು, ಊರಿನ ಹೊಟ್ಟೆಗೆ ಸಾಲದು. ಉಳಿದದ್ದನ್ನು ಓರಗೆಯವರು ತರಬೇಕು, ಅದು ಪದ್ಧತಿ. ಆದರೆ ಹೋರಿ ಕೊಟ್ಟವನಿಗೆ ಹೋರಿ ಬರುತ್ತದೆ. ಟೋಪಿ ಕೊಟ್ಟವನಿಗೆ ಏನು ಬಂದೀತು? ಈ ಹೆದರಿಕೆಯೇ ಅವನನ್ನು ಇಷ್ಟು ಕಾಲ ಗೋಡೆಯ ಹಿಂದೆ ಕೂರಿಸಿತ್ತು. ಹೆದರುತ್ತಲೇ ಹೋಗಿ ಚೌಕದಲ್ಲಿ ನಿಂತು, ಸಣ್ಣ ದನಿಯಲ್ಲಿ ಸಾರಿದ. ಕಟ್ಟೆಯ ಮೇಲಿದ್ದ ಹಿರಿಯರು ಜೋರಾಗಿ ಹೇಳೆಂದರು. ಇನ್ನೊಮ್ಮೆ ಸಾರಿದ.

ಕೆಲವು ದಿನ ಯಾರೂ ಬರಲಿಲ್ಲ. ತೋಯಿಬು ಊಟ ಬಿಟ್ಟ. ಒಂದು ಬೆಳಿಗ್ಗೆ ಅವನ ಓರಗೆಯ ಅಂಗಡಿ ಬಾಕಾರ್ ಕಪ್ಪು ಹೋರಿಯೊಂದನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದ. ತಲೆಯ ಮೇಲೆ ಅದೇ ಬಿಗಿ ದಾರದ ಟೋಪಿ, ನಸ್ರಾಳ ಜ್ವರದ ಕಾಲದ್ದು.

"ಒಂದು ಟೋಪಿಗೆ ಹೋರೀನಾ, ಬಾಕಾರ್?" ಎಂದ ತೋಯಿಬು.

"ಅವತ್ತಿಂದ ತಲೆ ತಂಪಾಗಿದೆ ಮಾರಾಯ. ಎಲ್ಲಿ ಕಟ್ಲಿ ಹೇಳು, ಇದು ಹಾಯೋ ಹೋರಿ."

ಅವನ ಹಿಂದೆಯೇ ಅಕ್ಕಿ ಬಂತು, ಬಟ್ಟೆ ಬಂತು, ಮೇಕೆಗಳು ಬಂದವು. ಬಂದವರೆಲ್ಲ ಅವನು ಹೊಲಿದ ಟೋಪಿಯನ್ನೇ ಹಾಕಿಕೊಂಡು ಬಂದಿದ್ದರು. ಎರಡು ಮಳೆಗಾಲ ಹೀಗೆ ತಯಾರಿ ನಡೆಯಿತು. ಅಷ್ಟರಲ್ಲಿ ತೋಯಿಬು ತನ್ನ ಟೋಪಿ ಮುಗಿಸಿದ. ಈ ಸಲ ಅದನ್ನು ಯಾರಿಗೂ ಕೊಡಲಿಲ್ಲ.

ಮದುವೆಗೆ ಮುಂಚೆ ವರ ತನ್ನ ತಾಯಿಯ ಮನೆಗೆ ಹೋಗಿರಬೇಕು. ತಾಯಿ ಇಲ್ಲದ್ದರಿಂದ ತೋಯಿಬು ಅಕ್ಕನ ಮನೆಯಲ್ಲಿ ಮಲಗಿದ. ಎಶಾತಾಳ ಕೆಮ್ಮು ಕೇಳಿಸದೆ ನಿದ್ದೆ ಹತ್ತಲಿಲ್ಲ. ಕನ್ನಡಕ ಬೇರೆ ಮರೆತು ಬಂದಿದ್ದ. ಅದು ಎಲ್ಲಿದೆಯೆಂದು ಕೇಳಿಕೊಂಡು ಬರಲು ಶಂಗಾಮಾನನ್ನು ಅಟ್ಟಿದರೆ, ಮದುಮಗಳು ಪರಪುರುಷರ ಜೊತೆ ಮಾತಾಡುವುದಿಲ್ಲವೆಂದು ಹೆಂಗಸರು ಅವನನ್ನು ಬಾಗಿಲಿಂದಲೇ ಓಡಿಸಿದರು.

ಮೆರವಣಿಗೆ ಹೊರಟಾಗ ಹೊತ್ತು ಕಂತುತ್ತಿತ್ತು. ಕನ್ನಡಕವಿಲ್ಲದ ತೋಯಿಬುವಿಗೆ ಬೀದಿಯೆಲ್ಲ ಮಂಜಾಗಿ, ದೀಪಗಳೆಲ್ಲ ಊದಿಕೊಂಡು ಕಂಡವು. ಜರಿಯ ನಿಲುವಂಗಿ ಭಾರವಾಗಿತ್ತು. ಡೋಲು ಎಲ್ಲೋ ನೀರಿನಡಿ ಬಡಿದ ಹಾಗೆ ಕೇಳುತ್ತಿತ್ತು. ಅದೇ ಬೀದಿ, ಅದೇ ಕರಿಕಲ್ಲಿನ ಗೋಡೆಗಳು, ದಿನಾ ಮೀನು ಕೊಂಡು ಮನೆಗೆ ಬರುತ್ತಿದ್ದ ದಾರಿ. ಇವತ್ತು ಮಾತ್ರ ಅದು ಮುಗಿಯುವುದೇ ಬೇಡ ಎನಿಸಿತು. ತಾನೇ ಬಣ್ಣ ಬಳಿದ ಬಾಗಿಲಲ್ಲಿ ಅಪರಿಚಿತನಂತೆ ನಿಂತು, ಒಳಗೆ ಬರಬಹುದೇ ಎಂದು ಕೇಳಿದ. ಒಳಗೆ ಹೊಳೆಯುವ ಬಟ್ಟೆಯ ರಾಶಿಯೊಂದು ಕೂತಿತ್ತು. ಹತ್ತಿರ ಹೋಗಿ ಕೂತ. ಮುಸುಕಿನೊಳಗಿಂದ ಮಲ್ಲಿಗೆಯ ವಾಸನೆ, ಆಮೇಲೆ ಆ ಕೆಮ್ಮು.

"ಕನ್ನಡಕ ದಿಂಬಿನ ಕೆಳಗಿತ್ತು" ಎಂದು ಮದುಮಗಳು ಪಿಸುಗುಟ್ಟಿ, ಮದರಂಗಿಯ ಕೈಯಿಂದ ಅದನ್ನು ಅವನ ಅಂಗೈಗೆ ಜಾರಿಸಿದಳು. ತೋಯಿಬು ಹಾಕಿಕೊಂಡು ಅವಳನ್ನು ನೋಡಿದ. ಬದುಕಿನಲ್ಲಿ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಹೊಸ ಮದುವಣಿಗ ಮನೆಯೊಳಗೇ ಇರಬೇಕಾದ ದಿನಗಳು ಮುಗಿದ ಮೇಲಿನ ಶುಕ್ರವಾರ ಅವನು ಮಸೀದಿಗೆ ಹೋದ. ಹಿರಿಯರು ಎದ್ದು ಕೈಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದರು. ಹೆಸರಿಗೆ ಗೌರವದ ಮಾತು ಸೇರಿಸಿ ಕರೆದರು. ಈ ಸಲ ಪೂರ್ತಿ ಕೇಳಿಸಿತು. ಪ್ರವಚನ ಶುರುವಾಯಿತು. ಅಭ್ಯಾಸದಂತೆ ಅವನ ಕಣ್ಣು ಅಲೆಯಲು ಹೊರಟಿತು.

ಎದುರಿಗೆ ಗೋಡೆ.

ಸುಣ್ಣದ ಬರಿಯ ಗೋಡೆ. ಮೂಲೆಯಲ್ಲಿ ಒಂದು ಬಿರುಕು. ನಸ್ರಾ ಹುಟ್ಟಿದ ವರ್ಷ, ಜ್ವರ, ಬೂದಿ, ಎಲ್ಲವೂ ಬೆನ್ನ ಹಿಂದೆ. ದೊಡ್ಡ ಮನುಷ್ಯ ಪ್ರವಚನದ ನಡುವೆ ಹಿಂತಿರುಗಿ ನೋಡಬಾರದು. ತನ್ನ ಅತ್ಯುತ್ತಮ ಟೋಪಿ ತನ್ನದೇ ತಲೆಯ ಮೇಲಿತ್ತು, ಅದೂ ಕಾಣುವಂತಿರಲಿಲ್ಲ. ಅವನು ಆ ಬಿರುಕನ್ನೇ ನೋಡುತ್ತ ಕೂತ. ನೋಡಿದವರು ಭಕ್ತಿ ಎಂದುಕೊಂಡರು.

ಆಮೇಲೆ ಕಟ್ಟೆ ಹತ್ತಿದ. ಕಲ್ಲು ಬೆಚ್ಚಗೇನೋ ಇತ್ತು. ಗೋಡೆಯ ಹಿಂದಿನಿಂದ ಡಾಮಿನೋ ಬಿಲ್ಲೆಯ ಸದ್ದು ಬರುತ್ತಿತ್ತು. ತಡೆಯಲಾರದೆ ಇಳಿದು ಅತ್ತ ಹೋದರೆ ಶಂಗಾಮಾ ಬಿಲ್ಲೆಗಳನ್ನು ಅಂಗಿಯಡಿ ಮುಚ್ಚಿಟ್ಟು ಎದ್ದು ನಿಂತ, ದೊಡ್ಡವರು ಇಲ್ಲಿಗೆಲ್ಲ ಬರಬಾರದೆಂದ. ಮೊದಲು ತಮಾಷೆ ಎಂದುಕೊಂಡ ತೋಯಿಬುವಿಗೆ ಅದು ತಮಾಷೆಯಲ್ಲವೆಂದು ತಿಳಿಯಿತು.

ಮಾರನೆಯ ದಿನ ಕೇರಿಯಲ್ಲಿ ಇನ್ನೊಂದು ಹೆಂಗಸರ ಸಭೆ. ಎಶಾತಾ ಚಂದನ ಹಚ್ಚಿಕೊಂಡು ಹೋದವಳು ಸಂಜೆ ಬಂದು ಹೊಸ್ತಿಲಲ್ಲೇ ಕೂತಳು. ಒಳಗೆ ಬರಲಿಲ್ಲ. ಏನಾಯಿತೆಂದು ಅವನು ಹತ್ತಿರ ಹೋದ. ಅವಳು ಅಳುತ್ತ ನಗುತ್ತಿದ್ದಳು.

"ಮದುಮಗಳ ಮುಖ ಕಾಣ್ತು ನಸ್ರಾ ಅಪ್ಪಾ. ಹುಬ್ಬು, ಮೂಗಿನ ಮೇಲಿನ ಬೆವರು, ಎಲ್ಲಾ. ಇಷ್ಟು ವರ್ಷ ಎಷ್ಟು ಮದುವೆಗೆ ಹೋದೆ, ಬರೀ ಬೆನ್ನುಗಳನ್ನೇ ನೋಡ್ಕೊಂಡು ಬಂದೆ."

ಅವನು ಅವಳ ಪಕ್ಕದಲ್ಲಿ ಕೂತ. ಅವಳು ಕೇಳಿದಳು, "ನಿಮ್ಗೆ ಮುಂದೆ ಏನು ಕಾಣುತ್ತೆ?"

ಸುಳ್ಳು ಹೇಳಬೇಕೆಂದುಕೊಂಡ. ಅವಳ ಮುಖ ನೋಡಿ ಆಗಲಿಲ್ಲ. "ಗೋಡೆ" ಎಂದ. ಟೋಪಿಗಳ ವಿಷಯ ಹೇಳಿದ, ಬೂದಿಯ ತಿಂಗಳು, ಜ್ವರ, ಎಲ್ಲ. ಅವಳು ತಲೆಯಾಡಿಸುತ್ತ ಕೇಳಿದಳು, ಮರುಕಪಡಲಿಲ್ಲ.

"ಅಷ್ಟೇ ತಾನೇ? ಸ್ವಲ್ಪ ತಡವಾಗಿ ಹೋಗಿ. ನಿಮ್ಮ ಜಾಗಾನ ಈಗ ಯಾರು ತಗೋತಾರೆ?"

ಅಂದಿನಿಂದ ತೋಯಿಬು ಶುಕ್ರವಾರ ಎಲ್ಲರಿಗಿಂತ ಕೊನೆಗೆ ಬರುತ್ತಾನೆ. ಕಟ್ಟೆ ಹತ್ತಿದ ಮೇಲೆ ದೊಡ್ಡಸ್ತಿಕೆ ತಲೆಗೇರಿದೆ ಎಂದು ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಉಸಿರು ಹಿಡಿದು, ಅಲ್ಲಿಂದ ಇಲ್ಲಿಯ ತನಕ ಬೆಳಕಿನಲ್ಲಿ ಮಿನುಗುವ ಆ ಟೋಪಿಗಳನ್ನು ನೋಡುತ್ತ ನಿಲ್ಲುತ್ತಾನೆ. ಕೊನೆಯ ಸಾಲಿನ ಶಂಗಾಮಾ ತಿರುಗದೆಯೇ ಕಾಲು ಮಡಚಿ ದಾರಿ ಬಿಡುತ್ತಾನೆ. ಆಮೇಲೆ ತೋಯಿಬು ಗೋಡೆಯ ಪಕ್ಕದಲ್ಲೇ ಒಂದೊಂದು ಸಾಲನ್ನೂ ದಾಟುತ್ತ, ಎಷ್ಟು ನಿಧಾನವಾಗಿ ನಡೆಯಲು ಸಾಧ್ಯವೋ ಅಷ್ಟು ನಿಧಾನವಾಗಿ, ಮುಂದಕ್ಕೆ ಹೋಗುತ್ತಾನೆ.